ವಕೀಲಬಾಯಿಯ ಉಡಿ

ಕರಿ ಕೋಟಿನ ಕೆಳಗಿಂದ ಅವರ ಸೆರಗಿನ ತುದಿ ಸದಾ ಇಣುಕುತ್ತಿತ್ತು. ಅದರಲ್ಲೊಂದು ಕಲ್ಲುಸಕ್ಕರೆಯ ಗಂಟು. ವಾದ ಮಾಡಿ ಗಂಟಲು ಒಣಗಿದರೆ ಒಂದು ಹರಳು ಬಾಯಿಗೆ. ಹುಮನಾಬಾದಿನ ಕೋರ್ಟಿನಲ್ಲಿ ಎಲ್ಲರೂ ಅವರನ್ನು ವಕೀಲಬಾಯಿ ಎನ್ನುತ್ತಿದ್ದರು. ನಾನೂ ವಕೀಲಳೇ, ಬಸವಕಲ್ಯಾಣದಲ್ಲಿ. ನನ್ನನ್ನು ಯಾರೂ ಹಾಗೆ ಕರೆಯಲಿಲ್ಲ. ಗಂಡನ ಹೊಡೆತ ತಿಂದ ಹೆಂಗಸರು ನನ್ನ ಬೋರ್ಡಿನ ಮುಂದೆಯೇ ನಿಂತು ಹುಮನಾಬಾದಿನ ಬಸ್ಸು ಹತ್ತುತ್ತಿದ್ದರು. ಹೊಟ್ಟೆ ಉರಿಯದೇ ಇರುತ್ತದೆಯೇ?

ಅವರ ವಾದ ಕೇಳಿದರಂತೂ ಇನ್ನೂ ಉರಿ. ಹೆಣ್ಣುಮಕ್ಕಳ ಹಕ್ಕಿಗಾಗಿ ದೇಶಗಳೆಲ್ಲ ಕೂಡಿ ಮಾಡಿಕೊಂಡ ಒಪ್ಪಂದವನ್ನು ಅವರು ಪ್ರತಿ ಕೇಸಿಗೂ ಎಳೆದು ತರುತ್ತಿದ್ದರು. ಒಮ್ಮೆ ಎದುರು ವಕೀಲರು ನಕ್ಕರು: "ಮನ್ನಾಏಖೇಳ್ಳಿ ಊರಾಗಿನ ಗಂಡ-ಹೆಂಡ್ತಿ ಜಗಳಕ್ಕ ಜಗತ್ತಿನ ಕಾನೂನು ಯಾಕ್ರಿ ಬಾಯಿ?"

"ಲಗ್ನ ನಿಶ್ಚಯದಾಗ ಐದು ಮಂದಿ ಮುಂದ ಸಕ್ಕರಿ ತಿಂದು ಮಾತು ಮುರಿತೀರೇನ್ರಿ? ನಮ್ಮ ದೇಶನೂ ಜಗತ್ತಿನ ಮುಂದ ಸಕ್ಕರಿ ತಿಂದದ. ಖರೆ, ಆಯಾ ಜಾತಿ-ಧರ್ಮದ ಮಂದಿ ಒಪ್ಪದ ಅವರ ಮನಿ ಪದ್ಧತಿಗೆ ಕೈ ಹಾಕಂಗಿಲ್ಲ ಅಂತ ಅರ್ಧ ಸಕ್ಕರಿ ದವಡ್ಯಾಗ ಇಟ್ಕೊಂಡು ಕುಂತದ. ಅದನ್ನ ನುಂಗಿಸಬೇಕಾಗ್ಯದ."

ಆ ಒಪ್ಪಂದವನ್ನು ನಾನೂ ಓದಿದ್ದೆ. ಈ ಸಕ್ಕರೆ ನನಗೆ ಹೊಳೆಯಲಿಲ್ಲ, ನೋಡಿ.

ಆಮೇಲೆ ನನ್ನ ಸ್ವಂತ ತಂಗಿಯೇ ಗಂಡನ ಹೊಡೆತ ತಾಳದೆ ಮೋರಖಂಡಿಯ ತವರಿಗೆ ಬಂದಳು. ಹಿರಿಯರು ಕೂಡಿ ರಾಜಿ ಮಾಡಿದರು. ಉಡಿ ತುಂಬಿದರೆ ಮುಗಿಯಿತು, ಮಗಳು ಗಂಡನ ಮನೆಗೆ ಹೊರಡಲೇಬೇಕು. ಅವ್ವ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ತಂದಿಟ್ಟಳು. ನಾನು ಕಾಯ್ದೆಯ ಕಲಮುಗಳನ್ನು ಹೇಳಿದೆ, ಕೂಗಾಡಿದೆ. "ನೀ ಸುಮ್ನ ಕುಂದ್ರವ್ವಾ" ಎಂದರು. ತಂಗಿ ಬೆಳಿಗ್ಗೆಯೇ ಫೋನು ಮಾಡಿ ಕರೆದದ್ದು ಹುಮನಾಬಾದಿನ ಆ ಬಾಯಿಯನ್ನಂತೆ!

ವಕೀಲಬಾಯಿ ಬಂದವರೇ ತಂಗಿಯ ಪಕ್ಕ ಕುಳಿತು ಸೆರಗೊಡ್ಡಿದರು. "ಮೊದ್ಲ ನನ್ನ ಉಡಿ ತುಂಬ್ರಿ, ಆಮ್ಯಾಲ ಆಕೀದು. ನಾನೂ ಆಕಿ ಕೂಡ ಹೋಗ್ತೀನಿ. ಹೊಡ್ಯಾಂವ ಇಬ್ಬರಿಗೂ ಹೊಡೀಲಿ."

ಅವರು ವಿಧವೆ. ವಿಧವೆಯ ಉಡಿಯನ್ನು ನಮ್ಮಲ್ಲಿ ಯಾರೂ ತುಂಬುವುದಿಲ್ಲ. ಅವ್ವನ ಕೈ ಅಕ್ಕಿಯ ಮೇಲೆಯೇ ನಿಂತಿತು. ಅವರನ್ನು ದಾಟಿ ತಂಗಿಯ ಉಡಿ ತುಂಬಿಸಲು ಹಿರಿಯರಿಗೂ ಧೈರ್ಯ ಬರಲಿಲ್ಲ. ವಕೀಲಬಾಯಿ ಜಗ್ಗಲಿಲ್ಲ, ಕಲ್ಲುಸಕ್ಕರೆ ಚೀಪುತ್ತ ಕುಳಿತೇ ಇದ್ದರು. ಹೊತ್ತು ಮುಳುಗಿದ ಮೇಲೆ ಮಗಳನ್ನು ಕಳಿಸುವಂತಿಲ್ಲ, ತಂಗಿ ಉಳಿದಳು.

ಮುಂದೆ ಕೋರ್ಟಿನಿಂದ ರಕ್ಷಣೆಯ ಆದೇಶವೂ ಸಿಕ್ಕಿತು. ತಂಗಿ ಈಗ ಹುಮನಾಬಾದಿನಲ್ಲಿ ಬಟ್ಟೆ ಹೊಲಿದುಕೊಂಡು ನೆಮ್ಮದಿಯಾಗಿದ್ದಾಳೆ. ವಕೀಲಬಾಯಿಯನ್ನು ಅಕ್ಕ, ಅಕ್ಕ ಎನ್ನುತ್ತಿದ್ದಳು. ಒಡಹುಟ್ಟಿದ ಅಕ್ಕ ನಾನಿರುವಾಗ!

ಹೋದ ವರ್ಷ ವಕೀಲಬಾಯಿ ತೀರಿಕೊಂಡರು. ಪದ್ಧತಿಯಂತೆ ದೇಹವನ್ನು ಅಂಗಳದಲ್ಲಿ ಕೂರಿಸಿದ್ದರು. ತಂಗಿ ಮಂದಿಯನ್ನು ಸರಿಸಿ ಹೋದವಳೇ ಅವರ ಸೆರಗು ಹರಡಿ ಅಕ್ಕಿ, ಕೊಬ್ಬರಿ, ಖಣ ಇಟ್ಟಳು.

"ಗಂಡ ಸತ್ತಾಕಿಗಿ ಇದೇನವ್ವಾ?" ಎಂದಳೊಬ್ಬ ಮುದುಕಿ.

"ನನ್ನ ಸಲುವಾಗಿ ಒಡ್ಡಿದ ಉಡಿ ಅದು. ಖಾಲಿ ಕಳಸ್ಲೇನು?"

ಅವ್ವನೂ ಮುಂದೆ ಹೋಗಿ ಒಂದು ಹಿಡಿ ಅಕ್ಕಿ ಹಾಕಿದಳು. ಅಂದು ಏಳದ ಕೈ ಅದು.

ಮುತ್ತೈದೆ ನಾನು, ಹಬ್ಬಹಬ್ಬಕ್ಕೂ ನನ್ನ ಉಡಿ ತುಂಬುತ್ತಾರೆ. ಹೀಗೆ ಅಳುತ್ತ ಯಾರೂ ತುಂಬಿಲ್ಲ. ಸತ್ತವರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಕಣ್ಣೊರೆಸಿಕೊಂಡು ನಾನೂ ಒಂದು ಹಿಡಿ ಹಾಕಿದೆ.