ಹಮಾಮಿನ ಮುದುಕ

ದೋಹಾದ ಒಂದು ಟರ್ಕಿ ಹಮಾಮಿನಲ್ಲಿ, ಅಂದರೆ ಬಿಸಿನೀರಿನ ಸ್ನಾನಗೃಹದಲ್ಲಿ, ಗಿರಾಕಿಗಳ ಮೈ ಉಜ್ಜುತ್ತಿದ್ದ ಮುದುಕ ಬಾಯಿಗಿಂತ ಹೆಚ್ಚಾಗಿ ಅಂಗೈಯಿಂದ ಮಾತಾಡುತ್ತಿದ್ದ. ಬೆನ್ನಿಗೆ ಎರಡು ಸಲ ತಟ್ಟಿದರೆ ನಾವು ಮಗ್ಗುಲು ಬದಲಿಸಬೇಕು. ಯಾರಾದರೂ ಅವಸರಪಟ್ಟರೆ ಮಾತ್ರ "ಶ್ವೈ ಶ್ವೈ, ನಿಧಾನ" ಅನ್ನುತ್ತಿದ್ದ.

ಮೊದಲ ಸಲ ನಾನು ಕೆಲಸಕ್ಕಿದ್ದ ದುಖಾನ್ ಊರಿನಿಂದ ಅಲ್ಲಿಗೆ ಹೋದದ್ದು ಮೈಗೆಲ್ಲ ತೆಂಗಿನೆಣ್ಣೆ ಹಚ್ಚಿಕೊಂಡು. ಅಷ್ಟು ಬಿಸಿನೀರಿನ ಸ್ನಾನವೆಂದ ಮೇಲೆ ಎಣ್ಣೆ ಬೇಡವೇ? ಕಾದ ಕಲ್ಲಿನ ಮೇಲೆ ಬೋರಲು ಮಲಗಿದೆ. ಕೊಳೆ ತೆಗೆಯುವ ಅವನ ಒರಟು ಕೈಗವಸು ಹಿಡಿತವೇ ಸಿಗದೆ ಜಾರತೊಡಗಿತು. ಜೊತೆಗೆ ಬಂದಿದ್ದ ಆಫೀಸಿನ ಗೆಳೆಯ ಬಿದ್ದು ಬಿದ್ದು ನಕ್ಕ.

"ಎಂಥ ಮಾರಾಯ, ಬಂಗುಡೆ ಫ್ರೈ ಆಗ್ಲಿಕ್ಕೆ ಬಂದದ್ದಾ?"

ನಾಚಿಕೆಯಿಂದ ಏಳಹೊರಟೆ. "ಶ್ವೈ ಶ್ವೈ" ಎಂದು ಮುದುಕ ಭುಜ ಒತ್ತಿ ಮಲಗಿಸಿ ಮತ್ತೆ ಉಜ್ಜಿದ. ಎಲ್ಲೆಡೆ ಜಾರುತ್ತಿದ್ದ ಕೈಗವಸು ಬೆನ್ನಿನ ನಡುವೆ ಮಾತ್ರ ತಟ್ಟನೆ ಕಚ್ಚಿಕೊಂಡಿತು. ಅವನ ಕೈ ನಿಂತಿತು.

"ಇಲ್ಲಿ ಎಣ್ಣೆ ಇಲ್ಲ," ಎಂದ, ಗಿರಾಕಿಗಳಿಂದ ಕಲಿತ ಹಿಂದಿಯಲ್ಲಿ. "ರೂಮಲ್ಲಿ ಒಬ್ಬನೇನಾ?"

ಹೌದೆಂದು ತಲೆಯಾಡಿಸಿದೆ. ಅವನು ಸಾಬೂನಿನ ನೊರೆಯಿಂದ ಎಣ್ಣೆಯನ್ನೆಲ್ಲ ತೊಳೆದ. ಆಮೇಲೆ, ನನ್ನ ಕೈ ಎಟುಕದ ಆ ಜಾಗದಿಂದಲೇ ಉಜ್ಜಲು ಶುರುಮಾಡಿದ.