ನಕ್ಷೆ ಮಾವ ತಂಪು ಮಾಡಿದ ಕಟ್ಟಡ

ನಾಲ್ಕು ಮಹಡಿಯ ಆ ಕಟ್ಟಡವನ್ನು ಕಟ್ಟಿಸಿದ ಪುಣ್ಯಾತ್ಮ ಎಲ್ಲ ಮನೆಗಳ ದೊಡ್ಡ ಕಿಟಕಿಗಳನ್ನೂ ಪಶ್ಚಿಮಕ್ಕೇ ಇಟ್ಟಿದ್ದ. ಮಧ್ಯಾಹ್ನ ತಿರುಗಿದರೆ ಸಾಕು, ಬಿಸಿಲು ನೇರ ಹಾಸಿಗೆಯ ಮೇಲೇ ಬಂದು ಕೂರುತ್ತಿತ್ತು. ಫ್ಯಾನ್ ಹಾಕಿದರೂ ಬಿಸಿಗಾಳಿಯೇ. ಹಾಗಾಗಿ ಹೊತ್ತು ಇಳಿಯುವಾಗ ಎಲ್ಲರೂ ಪೂರ್ವದ ಮೆಟ್ಟಿಲುಗಳ ನೆರಳಿಗೆ ಬಂದುಬಿಡುತ್ತಿದ್ದರು. ಕೆಲವರು ಊಟದ ತಟ್ಟೆ ಹಿಡಿದೇ ಇಳಿಯುತ್ತಿದ್ದರು.

ಅಲ್ಲಿನ ದರ್ಬಾರು ನಕ್ಷೆ ಮಾವನದು. ಇಂಜಿನಿಯರುಗಳ ಆಫೀಸಿನಲ್ಲಿ ಜೀವಮಾನವೆಲ್ಲ ಮನೆಗಳ ನಕ್ಷೆ ಎಳೆದು ನಿವೃತ್ತನಾದವನು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಹಗಲಿಡೀ ಬಾಯಿಗೆ ಬೀಗ. ಸಂಜೆಯಾದರೆ ಯಾರ ಕಾಲೆಳೆಯಲಿ ಎಂದು ಕಾದು ಕೂತಿರುತ್ತಿದ್ದ. ಅವನ ಪಾಲಿಗೆ ದಿನವೆಂದರೆ ಆ ಸಂಜೆಯಷ್ಟೇ.

ಮೂರನೇ ಮಹಡಿಯ ನರ್ಸಮ್ಮನಿಗೆ ರಾತ್ರಿ ಪಾಳಿ. ಹಗಲು ಮಲಗಲು ಹೋದರೆ ಕೋಣೆ ಕುಲುಮೆಯಾಗಿರುತ್ತಿತ್ತು. "ನಿನ್ನೆ ವಾರ್ಡಲ್ಲಿ ನಿಂತಲ್ಲೇ ತೂಕಡಿಸಿಬಿಟ್ಟೆ ಮಾವ," ಎಂದು ಒಂದು ಸಂಜೆ ಅತ್ತೇಬಿಟ್ಟಳು. ಮಾವ ಜೇಬಿನಿಂದ ಪೆನ್ಸಿಲು ತೆಗೆದ.

"ತಡಿಯಮ್ಮ, ಈ ಸೂರ್ಯನಿಗೊಂದು ಗತಿ ಕಾಣಿಸ್ತೀನಿ."

ಅಂದಿನಿಂದ ಅವನಿಗೆ ಅದೇ ಧ್ಯಾನ. ಇಳಿಬಿಸಿಲಿನ ಓರೆ ನೋಡಿಕೊಂಡು ಕಿಟಕಿಗಳ ಹೊರಗೆ ಓರೆಯಾಗಿ ಕೂರಿಸುವ ಮರದ ಪಟ್ಟಿಗಳ ನಕ್ಷೆ ಬರೆದ. ಗಾಳಿ ಬರಬೇಕು, ಬಿಸಿಲು ಬರಕೂಡದು. ಪಶ್ಚಿಮದ ಗೋಡೆಗೆ ಒಂದು ಗೇಣು ಬಿಟ್ಟು ಹೆಂಚಿನ ಇನ್ನೊಂದು ಹೊದಿಕೆ, ತಾರಸಿಗೆ ಬಿಳಿ ಬಣ್ಣ. "ಬಿಸಿಲನ್ನ ಒಳಗೆ ಬಿಟ್ಕೊಂಡು ಆಮೇಲೆ ಓಡಿಸೋಕಾಗಲ್ಲ, ಹೊರಗೇ ನಿಲ್ಲಿಸಬೇಕು" ಎಂದು ಮಹಡಿ ಹತ್ತಿಳಿದು ಎಲ್ಲರನ್ನೂ ಒಪ್ಪಿಸಿದ. ಮುಂದಿನ ಬೇಸಿಗೆಗೆ ಮುಂಚೆ ಕೆಲಸ ಮುಗಿಯಿತು.

ಬೇಸಿಗೆಯ ಮೊದಲ ಸಂಜೆ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಏನೋ ಕೆಲಸವಿರಬೇಕು ಎಂದುಕೊಂಡ. ಮರುದಿನವೂ ಇಲ್ಲ. ಮುಚ್ಚಿದ ಬಾಗಿಲುಗಳ ಹಿಂದೆ ನಗು, ಟಿವಿ ಸದ್ದು. ತಟ್ಟಲು ಒಂದು ನೆಪವಾದರೂ ಬೇಕಲ್ಲ? ಒಂಟಿತನ ಅವನನ್ನು ಹಿಂಡಿತು. ಬಿಸಿಲು ಇನ್ನೂ ಜೋರಾಗಲಿ ಎಂದು ಆಸೆಪಟ್ಟ, ಮರುಗಳಿಗೆಯೇ ನಾಚಿಕೆಪಟ್ಟ.

ರಸ್ತೆಯ ಡಾಂಬರು ಕರಗಿದಂಥ ಒಂದು ದಿನ, ಇವತ್ತಂತೂ ಬಂದೇ ಬರುತ್ತಾರೆ ಎಂದು ಬೇಗನೆ ಇಳಿದು, ಉಳಿದವರಿಗೆ ಜಾಗ ಬಿಟ್ಟು ಒಂದು ಮೂಲೆಯಲ್ಲಿ ಕೂತ. ಬೆಳಕು ಮಂಕಾದಾಗ ನರ್ಸಮ್ಮ ಒಬ್ಬಳೇ ಇಳಿದು ಬಂದಳು, ಕೆಲಸಕ್ಕೆ ಹೊರಟಿದ್ದಳು. ಮುಖ ಅರಳಿತ್ತು.

"ಎಂಥಾ ನಿದ್ದೆ ಮಾವ! ನಿಮ್ಮ ಹೊಟ್ಟೆ ತಣ್ಣಗಿರ್ಲಿ. ನೋಡಿ, ಈಗ ಯಾರೂ ಕೆಳಗೆ ಬರೋ ಅವಸ್ಥೇನೇ ಇಲ್ಲ. ಅದ್ಸರಿ, ನೀವ್ಯಾಕೆ ಈ ಸೆಖೇಲಿ ಕೂತಿದೀರಿ?"

ಮಾವ ಕಾಲು ಮಡಚಿ ಅವಳಿಗೆ ದಾರಿ ಬಿಟ್ಟ.

"ಏನಿಲ್ಲಮ್ಮ. ಇಷ್ಟು ಚೆನ್ನಾಗಿ ಆಗುತ್ತೆ ಅಂತ ನನಗೂ ಗೊತ್ತಿರ್ಲಿಲ್ಲ," ಎಂದ.