ಭಾವನವರಿಗೆ ಹೊಲಿದ ಮಂಗಳಗ್ರಹದ ಉಡುಪು

ನನ್ನ ಗಂಡನ ಅಣ್ಣ ಕೋಲಾರದ ಒಂದು ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುವವರು. ವಿಜ್ಞಾನಕ್ಕೂ ಅವರಿಗೂ ಇದ್ದ ನಂಟು ಅಷ್ಟಕ್ಕಷ್ಟೇ. ಮನೆಯಲ್ಲಿ ಫ್ಯೂಸ್ ಹೋದರೆ ಎದುರು ಮನೆಯವರನ್ನು ಕೂಗಿ ಕರೆಯುತ್ತಿದ್ದರು. ಅಂಥವರಿಗೆ ಐವತ್ತು ದಾಟಿದ ಮೇಲೆ ವೈಜ್ಞಾನಿಕ ಸಿನಿಮಾ ಮಾಡುವ ಹುಚ್ಚು ಹತ್ತಿತು. ಇಪ್ಪತ್ತು ನಿಮಿಷದ ಚಿತ್ರ. ಕಥೆ ಅವರದೇ, ನಿರ್ದೇಶನ ಅವರದೇ, ಮಂಗಳಗ್ರಹದಲ್ಲಿ ಒಂಟಿಯಾಗಿ ಇಳಿಯುವ ಕನ್ನಡಿಗನ ಪಾತ್ರವೂ ಅವರದೇ. ಬೇರೆ ಯಾರಾದರೂ ಆ ಪಾತ್ರ ಮಾಡಬಹುದು ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ.

ನಾನು ಶ್ರೀನಿವಾಸಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ. ಹದಿನಾರು ವರ್ಷದಿಂದ ಅದೇ ಕೆಲಸ. ಆ ಹದಿನಾರು ವರ್ಷದಲ್ಲಿ ಭಾವ ಒಂದು ದಿನವೂ ಆ ಕೋಣೆಗೆ ಕಾಲಿಟ್ಟವರಲ್ಲ. ನೆಂಟರ ಮುಂದೆ "ಏನೋ ಟೈಮ್ ಪಾಸಿಗೆ ಹೊಲಿಗೆ ಹಾಕ್ಕೊಂತಾಳೆ" ಅನ್ನುತ್ತಿದ್ದರು. ಅಂಥವರು ಒಂದು ಭಾನುವಾರ ಬೆಳಗ್ಗೆ ಬಾಗಿಲಲ್ಲಿ ನಿಂತು, ಮಿಷನ್ನಿನ ಕಡೆ ನೋಡುತ್ತಾ, "ನೋಡಮ್ಮ, ನಿನ್ನಿಂದ ಒಂದು ಚಿಕ್ಕ ಕೆಲಸ ಆಗ್ಬೇಕು" ಎಂದರು.

ಸಿನಿಮಾಕ್ಕೆ ಗಗನಯಾತ್ರಿಯ ಉಡುಪು ಹೊಲಿದುಕೊಡಬೇಕಂತೆ. ಅಂಥದ್ದು ಬೆಂಗಳೂರಲ್ಲಿ ಬಾಡಿಗೆಗೆ ಸಿಗುವುದಿಲ್ಲವೇ ಎಂದು ಕೇಳಿದೆ.

"ಬಾಡಿಗೇದು ಎಲ್ಲಾರೂ ಹಾಕ್ಕೊಂಡಿರ್ತಾರೆ ಕಣಮ್ಮ. ನಮ್ದು ಒರಿಜಿನಲ್ ಆಗಿರ್ಬೇಕು."

ಒರಿಜಿನಲ್ಲಿಗೆ ಅವರು ತಂದುಕೊಟ್ಟದ್ದು ಮೊಬೈಲಿನಲ್ಲಿ ಒಂದು ಚಿತ್ರ, ಅಷ್ಟೇ. ಬಟ್ಟೆ ಯಾವುದು, ಬಣ್ಣ ಎಲ್ಲಿಂದ, ಯಾವುದಕ್ಕೂ ಉತ್ತರವಿಲ್ಲ. ನಾನೇ ಮೂರು ದಿನ ಯೋಚಿಸಿದೆ. ಕೊನೆಗೆ ರಾಯಲ್ಪಾಡಿನ ನನ್ನ ತವರಿನಿಂದ ಮಲ್ಚಿಂಗ್ ಪೇಪರ್ ತರಿಸಿದೆ. ಟೊಮೇಟೊ ಸಾಲಿನ ಮೇಲೆ ಕಳೆ ಬಾರದಂತೆ ಹಾಸುವ ಪ್ಲಾಸ್ಟಿಕ್ ಹಾಳೆ ಅದು. ಒಂದು ಮಗ್ಗುಲು ಕಪ್ಪು, ಇನ್ನೊಂದು ಮಗ್ಗುಲು ಬೆಳ್ಳಿ. ಬೆಳ್ಳಿ ಬದಿ ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುತ್ತದೆ. ಅದನ್ನು ನೇರವಾಗಿ ಹೊಲಿದರೆ ಸೂಜಿ ಬಿದ್ದ ಸಾಲಿನಲ್ಲೇ ಹರಿದುಹೋಗುತ್ತದೆ. ಅದಕ್ಕೇ ಒಳಗೆ ಬ್ಲೌಸಿನ ಲೈನಿಂಗ್ ಬಟ್ಟೆ ಕೊಟ್ಟೆ. ಪ್ಲಾಸ್ಟಿಕ್ಕು ಬಟ್ಟೆ ಒತ್ತಿಹಿಡಿಯುವ ಮಿಷನ್ನಿನ ಕಾಲಿಗೆ ಅಂಟಿಕೊಂಡು ಮುಂದಕ್ಕೆ ಸರಿಯುತ್ತಿರಲಿಲ್ಲ. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಇಷ್ಟಿಷ್ಟೇ ಸವರಿ ಸವರಿ ಹೊಲಿದೆ. ಒಂಬತ್ತು ದಿನ ಹಿಡಿಯಿತು. ಎದೆಯ ಮೇಲಿನ ಪೆಟ್ಟಿಗೆಗೆ ಹಳೇ ಸ್ವಿಚ್ ಬೋರ್ಡ್, ತೋಳಿನ ಮೇಲೆ ಹನಿ ನೀರಾವರಿಯ ಪೈಪು, ತಲೆಗೆ ಇಪ್ಪತ್ತು ಲೀಟರಿನ ನೀರಿನ ಕ್ಯಾನ್. ಅದರ ತಳ ಕತ್ತರಿಸಿ, ಕುತ್ತಿಗೆ ಕೊಯ್ಯದಂತೆ ಅಂಚಿಗೆ ರೆಕ್ಸಿನ್ ಪಟ್ಟಿ ಹಾಕಿದ್ದೂ ನಾನೇ.

ಅಳತೆಯದೇ ತೊಡಕು. ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಮೈಮೇಲೆ ಟೇಪು ಹಿಡಿಯುವ ಮಾತೇ ಇಲ್ಲ. ನನ್ನ ಗಂಡನಿಗೆ ಅಳೆದುಕೊಂಡು ಬಾ ಎಂದೆ. ಅಣ್ಣನ ಮುಂದೆ ಅವನಿಗೆ ಎಂದೂ ಬಾಯಿಲ್ಲ, ಕೈಯೂ ಇಲ್ಲ. ಅವರು ಹೇಳಿದ್ದನ್ನೇ ಚೀಟಿಯಲ್ಲಿ ಬರೆದು ತಂದ. ಸೊಂಟ ಮೂವತ್ತನಾಲ್ಕು.

"ಮೂವತ್ನಾಲ್ಕಾ? ನಿಂದೇ ಮೂವತ್ತಾರು ಅಲ್ವಾ?" ಎಂದೆ.

"ಅಣ್ಣ ಹೇಳಿದ್ರು. ಸುಮ್ನೆ ಹೊಲಿಯೇ."

ನಾನು ಮೂವತ್ತೆಂಟಕ್ಕೆ ಹೊಲಿದೆ. ಅದೂ ಸಾಲಲಿಲ್ಲ.

ತೋಳಿನ ಕೆಳಗೆ ಗಾಳಿಯಾಡಲು ನಾಲ್ಕು ತೂತು ಬಿಡುತ್ತೇನೆ, ಕ್ಯಾನಿನ ಮುಚ್ಚಳ ತೆಗೆದಿಡೋಣ ಎಂದಿದ್ದೆ. ಭಾವ ನಕ್ಕರು. ತರಗತಿಯಲ್ಲಿ ದಡ್ಡ ಹುಡುಗಿಯನ್ನು ನೋಡಿ ನಗುವ ನಗು.

"ಅಲ್ಲಿ ಗಾಳೀನೇ ಇಲ್ವಲ್ಲಮ್ಮ! ತೂತು ಬಿಟ್ರೆ ಪಬ್ಲಿಕ್ಕು ನಗಲ್ವಾ? ಸೈನ್ಸು ಅಂದ್ರೆ ಸೈನ್ಸು."

ಮುಳಬಾಗಿಲಿನ ಕಡೆ ಬಂಡೆಗಳೇ ತುಂಬಿದ ಒಂದು ಗುಡ್ಡವನ್ನು ಮಂಗಳಗ್ರಹವೆಂದು ಗೊತ್ತುಮಾಡಿದ್ದರು. ಮಾವಿನಕಾಯಿ ಬಲಿಯುವ ಕಾಲ, ಬೆಳಗ್ಗೆ ಹತ್ತಕ್ಕೇ ಬಂಡೆ ಕಾಲು ಸುಡುತ್ತಿತ್ತು. ಕ್ಯಾಮೆರಾಕ್ಕೆ ಮದುವೆ ಫೋಟೊ ತೆಗೆಯುವವನೊಬ್ಬ ಬಂದಿದ್ದ. ನನ್ನ ಗಂಡ ಕೊಡೆ ಹಿಡಿಯಲು. ಎಲ್ಲಾದರೂ ಹರಿದರೆ ಇರಲಿ ಎಂದು ಕತ್ತರಿ, ಸೂಜಿದಾರದ ಜೊತೆ ನನ್ನನ್ನೂ ಕರೆದುಕೊಂಡು ಹೋಗಿದ್ದರು.

ಬೆನ್ನಿನ ಜಿಪ್ಪನ್ನು ನನ್ನ ಗಂಡ ಮೊಣಕಾಲು ಕೊಟ್ಟು ಎಳೆದ. ಭಾವ ಉಸಿರು ಬಿಗಿಹಿಡಿದು ನಿಂತಿದ್ದರು. ಕ್ಯಾನು ತಲೆಗೆ ಇಳಿಯಿತು, ಮುಚ್ಚಳ ಬಿಗಿಯಿತು. ಅವರು ಬಂಡೆ ಹತ್ತಿ ನಿಂತಾಗ, ನಿಜ ಹೇಳುತ್ತೇನೆ, ನನ್ನ ಎದೆ ಉಬ್ಬಿತು. ಆ ಬೆಳ್ಳಿ ಉಡುಪು ಬಿಸಿಲಿನಲ್ಲಿ ಧಗಧಗ ಹೊಳೆಯುತ್ತಿತ್ತು. ಒಳಗಿರುವವರು ಯಾರೆಂಬುದು ಮರೆತೇಹೋಯಿತು. ಅದು ನನ್ನ ಕೈಯಿಂದ ಬಂದದ್ದು ಎನ್ನುವ ಸಂತೋಷದಲ್ಲಿ ಬಾಯಿ ಬಿಟ್ಟುಕೊಂಡು ನೋಡಿದೆ. ಆ ಸಂತೋಷದ ಬಗ್ಗೆ ಈಗಲೂ ನನಗೆ ನನ್ನ ಮೇಲೇ ಹೇಸಿಗೆ. ಉಡುಪು ಚಂದ ಕಾಣಬೇಕೆಂಬ ಆಸೆಗೆ ಬಿದ್ದೇ ತೂತಿನ ಮಾತನ್ನು ಅಲ್ಲಿಗೇ ಬಿಟ್ಟಿದ್ದೆ.

ಅವರು ನಾಲ್ಕು ಹೆಜ್ಜೆ ನಡೆದು, ಕೋಲು ನೆಟ್ಟು, ಕನ್ನಡ ನಾಡಿನ ಬಗ್ಗೆ ಒಂದು ಉದ್ದದ ಮಾತು ಹೇಳಬೇಕಿತ್ತು. ಎರಡು ಸಲ ತಪ್ಪಿದರು. ಮೂರನೇ ಸಲ ಕ್ಯಾನಿನ ಒಳಗೆ ಹಬೆ ಕಟ್ಟಿ ಮುಖವೇ ಕಾಣಲಿಲ್ಲ. ಮಾತು ನಿಂತಿತು. ಎರಡೂ ಕೈ ಮೇಲೆತ್ತಿ ಗಾಳಿಯಲ್ಲಿ ಆಡಿಸಿದರು.

"ಸೂಪರ್ ಸಾರ್! ಹಂಗೇ, ಹಂಗೇ!" ಎಂದ ಫೋಟೊದವನು.

ಭಾವ ಮೊಣಕಾಲೂರಿದರು. ಆಮೇಲೆ ಮಗ್ಗುಲಿಗೆ ವಾಲಿದರು.

"ಏನ್ ಆಕ್ಟಿಂಗು ನೋಡೇ ಅಣ್ಣಂದು" ಎಂದ ನನ್ನ ಗಂಡ. ಕೊಡೆ ಹಿಡಿದುಕೊಂಡು ನಿಂತೇ ಇದ್ದ.

"ಆಕ್ಟಿಂಗ್ ಅಲ್ಲ ಕಣೋ, ಅವ್ರಿಗೆ ಉಸಿರಾಡೋಕೆ ಆಗ್ತಿಲ್ಲ!" ಎಂದು ಕೂಗಿ ಓಡಿದೆ. ಗಂಡನಿಗೆ ಏಕವಚನದಲ್ಲಿ ಎಲ್ಲರೆದುರು ಕೂಗಿದ್ದು ಅದೇ ಮೊದಲು.

ಕ್ಯಾನು ಕಿತ್ತೆಸೆದೆ. ಮುಖ ಕೆಂಪಗೆ ಕುದಿಯುತ್ತಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಜಿಪ್ಪು ಕಚ್ಚಿಕೊಂಡು ಅಲುಗಲಿಲ್ಲ. ಯಾರ ಮೈಮೇಲೆ ಟೇಪು ಹಿಡಿಯಬಾರದೆಂದು ಸುಮ್ಮನಿದ್ದೆನೋ ಅವರನ್ನೇ ಬೋರಲು ಹಾಕಿ, ಬೆನ್ನ ಮೇಲೆ ಕೈಯೂರಿ, ಕುತ್ತಿಗೆಯಿಂದ ಸೊಂಟದವರೆಗೆ ಕತ್ತರಿಸಿದೆ. ಒಂಬತ್ತು ದಿನದ ಕೆಲಸ, ಒಂದು ನಿಮಿಷವೂ ಆಗಲಿಲ್ಲ. ಒಳಗಿನಿಂದ ಬಂದ ಶಾಖ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ರಾಚಿತು. ನೀರು ಸುರಿದು, ಬಂಡೆಯ ನೆರಳಿಗೆ ಎಳೆದು, ಒದ್ದೆ ಸೆರಗಿನಿಂದ ಗಾಳಿ ಹಾಕಿದೆ. ಐದಾರು ನಿಮಿಷಕ್ಕೆ ಕಣ್ಣು ಬಿಟ್ಟರು. ಸುತ್ತ ನೋಡಿದರು. ಉಡುಪನ್ನು ನೋಡಿದರು.

"ಕತ್ತರಿಸ್ಬಿಟ್ಟೆಯಲ್ಲಮ್ಮ! ಯಾರು ಹೇಳಿದ್ದು ನಿಂಗೆ?"

ಅವರ ಬಾಯಿಂದ ಬಂದ ಮೊದಲ ಮಾತು ಅದು. ಎರಡನೆಯದು ಫೋಟೊದವನಿಗೆ: "ಶಾಟ್ ಬಂತೇನಪ್ಪ?"

ಬಂದಿತ್ತು. ಕೋಲಾರದ ಕಾಲೇಜಿನ ಸಭಾಂಗಣದಲ್ಲಿ ಚಿತ್ರ ತೋರಿಸಿದಾಗ, ಅವರು ಕೈಯಾಡಿಸಿ ಬೀಳುವ ಜಾಗದಲ್ಲೇ ಎಲ್ಲಕ್ಕಿಂತ ಜೋರು ಚಪ್ಪಾಳೆ ಬಿತ್ತು. ಬೆನ್ನು ಸೀಳಿದ್ದರಿಂದ ಉಳಿದದ್ದೆಲ್ಲ ಎದುರಿನಿಂದಲೇ ತೆಗೆದಿದ್ದರು. ಭಾವ ವೇದಿಕೆ ಹತ್ತಿ, ಈ ಉಡುಪಿಗಾಗಿ ಆರು ತಿಂಗಳು ಸಂಶೋಧನೆ ಮಾಡಿದೆ, ಬೀಳುವ ದೃಶ್ಯಕ್ಕಾಗಿ ಉಸಿರು ಕಟ್ಟುವ ಅಭ್ಯಾಸ ಮಾಡಿದೆ ಎಂದು ಭಾಷಣ ಮಾಡಿದರು. ಎದುರು ಸಾಲಿನಲ್ಲಿ ನನ್ನ ಗಂಡ ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟುತ್ತಿದ್ದ. ಬೀಳುವಾಗ ಪಕ್ಕದಲ್ಲೇ ಕೊಡೆ ಹಿಡಿದು ನಿಂತಿದ್ದವನು. ಕೊನೆಯಲ್ಲಿ ಪರದೆಯ ಮೇಲೆ ಬಂದ ಹೆಸರುಗಳಲ್ಲಿ ವಸ್ತ್ರವಿನ್ಯಾಸವೂ ಭಾವನದೇ.

ನನ್ನ ಪಕ್ಕ ಕೂತಿದ್ದ ಅತ್ತೆ ನನ್ನ ತೊಡೆ ಚಿವುಟಿ, ಮೆಲ್ಲಗೆ ತೆಲುಗಿನಲ್ಲಿ, "ನುವ್ವು ಕುಟ್ಟಿಂದೇ ಕದಾ ಅದಿ?" ಎಂದರು. ನೀನು ಹೊಲಿದದ್ದೇ ಅಲ್ಲವೇ ಎಂದು. ಹೆತ್ತ ತಾಯಿಗೂ ಅಷ್ಟು ಗೊತ್ತಿತ್ತು. ಆದರೆ ಮಗನ ಮುಂದೆ ಹೇಳಲಿಲ್ಲ.

ವಾರದ ನಂತರ ಭಾವ ಮತ್ತೆ ನನ್ನ ಕೋಣೆಗೆ ಬಂದರು, ಈ ಸಲ ಕುರ್ಚಿ ಎಳೆದುಕೊಂಡು ಕೂತರು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ನೃತ್ಯವಂತೆ, ಹದಿನೈದು ಮಕ್ಕಳಿಗೆ ಅಂಥದೇ ಉಡುಪು ಬೇಕಂತೆ.

"ಒಪ್ಕೊಂಡು ಬಂದಿದೀನಮ್ಮ. ನಮ್ಮನೇಲೇ ಆಗುತ್ತೆ ಅಂತ."

"ನಾನು ಮಾಡಲ್ಲ ಭಾವ."

"ಆಗಲ್ವಾ? ಟೈಮ್ ಬೇಕಾ?"

"ಆಗುತ್ತೆ. ಮಾಡಲ್ಲ."

ಅವರಿಗೆ ಆ ಎರಡು ಮಾತಿನ ವ್ಯತ್ಯಾಸ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮುಖ ಗಂಟಿಕ್ಕಿ, ಬಾಗಿಲಲ್ಲಿದ್ದ ನನ್ನ ಗಂಡನ ಕಡೆ ತಿರುಗಿ, "ಏನ್ಲಾ ಇದು?" ಎಂದರು. ಅವನು ಅಣ್ಣನನ್ನೂ ನೋಡಿದ, ನನ್ನನ್ನೂ ನೋಡಿದ. ಅಣ್ಣನಿಗೆ ಕಾಫಿ ತರುತ್ತೇನೆಂದು ಒಳಗೆ ಹೋದ.

ಅಂದಿನಿಂದ ಭಾವ ನನ್ನೊಡನೆ ಮಾತು ಬಿಟ್ಟಿದ್ದಾರೆ. ಹಬ್ಬಕ್ಕೆ ಬಂದರೂ ನನಗೆ ಕೇಳುವಂತೆ ಗೋಡೆಗೆ ಹೇಳುತ್ತಾರೆ. ಅತ್ತೆ ಆಗಾಗ, "ದೊಡ್ಡೋರು, ಒಂದು ಮಾತು ತಪ್ಪಾಯ್ತು ಅನ್ನಮ್ಮ" ಎನ್ನುತ್ತಾರೆ. ಹೂಂ ಎನ್ನುತ್ತೇನೆ, ಮಿಷನ್ ತುಳಿಯುತ್ತಾ ಮುಂದಿನ ಬ್ಲೌಸಿನ ತೋಳು ಜೋಡಿಸುತ್ತೇನೆ.